ದೀರ್ಘಾವಧಿಯ ಸಮಗ್ರ ಯೋಜನೆ: ಅದರ ಅರ್ಥ ಮತ್ತು ಪ್ರಯೋಜನ

ಮಲೆನಾಡಿನಲ್ಲಿ ಹೊಸದಾಗಿ ಅಡಿಕೆ ತೋಟ ಎಬ್ಬಿಸುವವನು ಮೊದಲ ದಿನವೇ ಅಡಿಕೆಯ ಸಸಿ ನೆಡುವುದಿಲ್ಲ. ಮಳೆಗಾಲದ ನೀರು ನಿಲ್ಲದೆ ಬಸಿದು ಹೋಗುವಂತೆ ಮೊದಲು ಕಾಲುವೆ ತೋಡುತ್ತಾನೆ. ಅನಂತರ ಬಾಳೆಯ ಕಂದುಗಳನ್ನು ನೆಟ್ಟು, ಆ ಬಾಳೆಯ ನೆರಳಿನಲ್ಲಿ ಅಡಿಕೆಯ ಎಳೆಯ ಸಸಿಗಳನ್ನು ಇಡುತ್ತಾನೆ. ಅಡಿಕೆ ಫಲಕ್ಕೆ ಬರಲು ಐದರಿಂದ ಏಳು ವರ್ಷಗಳು ಬೇಕು. ಅಷ್ಟು ಕಾಲ ಸಂಸಾರ ನಡೆಯಬೇಡವೆ? ಬಾಳೆಯು ಎಳೆ ಸಸಿಗೆ ನೆರಳನ್ನೂ ಕೊಡುತ್ತದೆ, ಮನೆಗೆ ನಾಲ್ಕು ಕಾಸನ್ನೂ ತರುತ್ತದೆ. ತೋಟಕ್ಕೆ ಸೊಪ್ಪು ಬೇಕು. ಅದಕ್ಕಾಗಿ ಸೊಪ್ಪಿನ ಬೆಟ್ಟವನ್ನು ಕಾಪಾಡಿಕೊಳ್ಳಬೇಕು. ಗೊಬ್ಬರ ಬೇಕು, ಅದಕ್ಕಾಗಿ ಕೊಟ್ಟಿಗೆಯಲ್ಲಿ ದನಕರುಗಳಿರಬೇಕು. ಇಷ್ಟೇ ಅಲ್ಲ, ಹಳೆಯ ಮರಗಳು ಇನ್ನೂ ಫಲ ಕೊಡುತ್ತಿರುವಾಗಲೇ ಅವುಗಳ ನಡುವೆ ಹೊಸ ಸಸಿಗಳನ್ನು ನೆಟ್ಟಿರಬೇಕು. ಇಲ್ಲವಾದರೆ ಒಂದು ದಿನ ತೋಟಕ್ಕೆ ತೋಟವೇ ಮುದಿಯಾಗಿ ನಿಲ್ಲುತ್ತದೆ.

ಈ ರೈತನು ಅರ್ಥಶಾಸ್ತ್ರದ ಗ್ರಂಥಗಳನ್ನು ಓದಿದವನಲ್ಲ. ಆದರೆ ದೀರ್ಘಾವಧಿಯ ಸಮಗ್ರ ಯೋಜನೆ ಎಂದರೇನು ಎಂಬುದು ಅವನಿಗೆ ಗೊತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮಾತು ಒಂದು ವ್ಯಾಖ್ಯೆಯ ರೂಪದಲ್ಲಿ ಬರುತ್ತದೆ. ನಾವು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತೇವೆ. ಆ ಮಾತಿನ ನಿಜವಾದ ಅರ್ಥವೇನು, ಅದರಿಂದ ದೇಶಕ್ಕೂ ಜನಕ್ಕೂ ಆಗುವ ಪ್ರಯೋಜನವೇನು, ಅದು ಎಲ್ಲಿ ಎಡವುತ್ತದೆ ಎಂಬುದನ್ನು ಪರಿಚಿತ ಉದಾಹರಣೆಗಳ ಮೂಲಕ ವಿವೇಚಿಸುವುದೇ ಈ ಲೇಖನದ ಉದ್ದೇಶ.

‘ಯೋಜನೆ’ ಎಂಬ ಶಬ್ದವು ಸಂಸ್ಕೃತದ ‘ಯುಜ್’ ಧಾತುವಿನಿಂದ ಬಂದದ್ದು. ಕೂಡಿಸು, ಜೋಡಿಸು ಎಂಬುದು ಅದರ ಅರ್ಥ. ಈ ಮೂಲಾರ್ಥವನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ವಿಷಯ ತಿಳಿದಂತೆಯೇ ಸರಿ. ಬೇರೆ ಬೇರೆ ಕೆಲಸಗಳ ಪಟ್ಟಿಯು ಯೋಜನೆಯಲ್ಲ. ಹತ್ತು ರಸ್ತೆ, ಇಪ್ಪತ್ತು ಶಾಲೆ, ಐದು ಆಸ್ಪತ್ರೆ ಎಂದು ಬರೆದಿಟ್ಟರೆ ಅದು ಬೇಡಿಕೆಗಳ ಪಟ್ಟಿಯಾದೀತು. ಆ ಶಾಲೆಗೆ ಉಪಾಧ್ಯಾಯರು ಎಲ್ಲಿಂದ ಬರುತ್ತಾರೆ, ಆ ಆಸ್ಪತ್ರೆಗೆ ಹಳ್ಳಿಯ ಜನ ಯಾವ ರಸ್ತೆಯಲ್ಲಿ ತಲಪುತ್ತಾರೆ, ಇವುಗಳಿಗೆಲ್ಲ ಹಣ ಯಾವ ವರ್ಷ ಎಷ್ಟು ದೊರೆಯುತ್ತದೆ ಎಂದು ಒಂದಕ್ಕೊಂದನ್ನು ಜೋಡಿಸಿದಾಗ ಮಾತ್ರ ಅದು ಯೋಜನೆಯಾಗುತ್ತದೆ. ಜೋಡಣೆಯು ಎಲ್ಲ ಅಂಗಗಳನ್ನೂ ಒಳಗೊಂಡಿದ್ದರೆ ಅದು ‘ಸಮಗ್ರ’. ಇಂದಿನ ಕೆಲಸವನ್ನು ಹದಿನೈದು ಇಪ್ಪತ್ತು ವರ್ಷಗಳ ಮುಂದಿನ ಗುರಿಯೊಡನೆ ಜೋಡಿಸಿದ್ದರೆ ಅದು ‘ದೀರ್ಘಾವಧಿ’ಯದು. ಒಂದು ಜೋಡಣೆ ಅಗಲಕ್ಕೆ, ಇನ್ನೊಂದು ಉದ್ದಕ್ಕೆ. ಹಾಸು ಹೊಕ್ಕುಗಳೆರಡೂ ಸೇರಿದರೆ ತಾನೆ ಬಟ್ಟೆಯಾಗುವುದು?

ಸರ್ಕಾರವು ವರ್ಷ ವರ್ಷವೂ ಮಂಡಿಸುವ ಆಯವ್ಯಯಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಆಯವ್ಯಯವು ಒಂದು ವರ್ಷದ ಲೆಕ್ಕ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಅದರ ನೀತಿ. ದೀರ್ಘಾವಧಿಯ ಯೋಜನೆಯು ಕೇಳುವ ಪ್ರಶ್ನೆಯೇ ಬೇರೆ: ಹಾಸಿಗೆಯನ್ನು ಉದ್ದ ಮಾಡುವುದು ಹೇಗೆ? ಇವೆರಡರ ನಡುವೆ ನಿಲ್ಲುವುದು ಪಂಚವಾರ್ಷಿಕ ಯೋಜನೆಯಂಥ ಮಧ್ಯಮಾವಧಿಯ ಯೋಜನೆ. ದೀರ್ಘಾವಧಿಯ ಯೋಜನೆ ದಿಕ್ಕನ್ನು ತೋರಿಸುತ್ತದೆ; ಮಧ್ಯಮಾವಧಿಯದು ದಾರಿಯನ್ನು ಹಂತಗಳಾಗಿ ಭಾಗಿಸುತ್ತದೆ; ಆಯವ್ಯಯವು ಇಂದಿನ ಹೆಜ್ಜೆಯನ್ನು ಇಡಿಸುತ್ತದೆ.

ಇಷ್ಟು ದೂರ ನೋಡುವ ಅಗತ್ಯವಾದರೂ ಏನು ಎಂದು ಕೆಲವರು ಕೇಳಬಹುದು. ಕೆಲವು ಕೆಲಸಗಳ ಸ್ವಭಾವವೇ ಅಂಥದು. ಒಂದು ತಾಲ್ಲೂಕಿನ ಆಸ್ಪತ್ರೆಗೆ ಹತ್ತು ವರ್ಷಗಳ ಅನಂತರ ಒಬ್ಬ ವೈದ್ಯನು ಬೇಕು ಎಂದಿಟ್ಟುಕೊಳ್ಳೋಣ. ವೈದ್ಯಕೀಯ ಪದವಿಯ ವ್ಯಾಸಂಗ ಮತ್ತು ತರಬೇತಿಗೆ ಐದೂವರೆ ವರ್ಷಗಳು. ಅದಕ್ಕೆ ಮೊದಲು ಅವನು ವಿಜ್ಞಾನವನ್ನು ಓದಿರಬೇಕು. ಅವನ ಊರಿನ ಸುತ್ತಮುತ್ತ ವಿಜ್ಞಾನ ಕಲಿಸುವ ಒಳ್ಳೆಯ ಪ್ರೌಢಶಾಲೆ ಇರಬೇಕು. ಎಂದರೆ ಹತ್ತು ವರ್ಷಗಳ ಅನಂತರದ ವೈದ್ಯನು ಇಂದು ಎಲ್ಲಿಯೋ ಒಂದು ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತಿರಬೇಕು. ಕಾಯಿಲೆ ಬಂದ ದಿನ ಹಣ ಮಂಜೂರು ಮಾಡಿದರೆ ಕಟ್ಟಡ ದೊರೆತೀತು, ವೈದ್ಯನು ದೊರೆಯಲಾರನು. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಹುಟ್ಟಿದ್ದೇ ಇಂಥ ಅನುಭವದಿಂದ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಅರಣ್ಯ, ವಿದ್ಯಾಭ್ಯಾಸ ಇವೆಲ್ಲವೂ ಅಡಿಕೆಯ ಜಾತಿಗೆ ಸೇರಿದವು, ತರಕಾರಿಯ ಜಾತಿಗಲ್ಲ.

ಇದಕ್ಕೆ ನಮ್ಮ ನಾಡಿನದೇ ಆದ ಒಂದು ಶ್ರೇಷ್ಠ ಉದಾಹರಣೆಯುಂಟು. ಅದು ಕನ್ನಂಬಾಡಿಯ ಕೃಷ್ಣರಾಜಸಾಗರ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. 1905ರಲ್ಲಿ ಬೆಂಗಳೂರಿಗೂ ಆ ಬೆಳಕು ಬಂತು. ಆದರೆ ಬೇಸಗೆಯಲ್ಲಿ ಕಾವೇರಿಯ ಹರಿವು ತಗ್ಗುತ್ತಿತ್ತು. ನೀರು ತಗ್ಗಿದರೆ ವಿದ್ಯುತ್ತೂ ತಗ್ಗುತ್ತದೆ. ಗಣಿಗಳಿಗೆ ತಪ್ಪದೆ ವಿದ್ಯುತ್ತನ್ನು ಒದಗಿಸುವುದೊಂದೇ ಗುರಿಯಾಗಿದ್ದಿದ್ದರೆ ಚಿಕ್ಕದೊಂದು ಕಟ್ಟೆ ಸಾಕಾಗುತ್ತಿತ್ತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಹಾಗೆ ಯೋಚಿಸಲಿಲ್ಲ. ವಿದ್ಯುತ್ತಿಗೆ ನೀರು ನಿಲ್ಲಿಸುವುದಾದರೆ ಅದೇ ನೀರು ಮಂಡ್ಯದ ಕಡೆಯ ಒಣಭೂಮಿಗೂ ಏಕೆ ಹರಿಯಬಾರದು ಎಂಬ ಪ್ರಶ್ನೆ ಅವರ ಮುಂದಿತ್ತು. ಸುಮಾರು 4,150 ಕೋಟಿ ಘನ ಅಡಿ ನೀರು ನಿಲ್ಲುವ ಜಲಾಶಯವನ್ನು ಎರಡು ಹಂತಗಳಲ್ಲಿ ಕಟ್ಟುವ ಯೋಜನೆ ಸಿದ್ಧವಾಯಿತು. ಮೊದಲ ಹಂತದಲ್ಲಿ 1,100 ಕೋಟಿ ಘನ ಅಡಿ. ಉಳಿದದ್ದು ಮುಂದಿನ ಹಂತದಲ್ಲಿ.

1911ರಲ್ಲಿ ಕೆಲಸ ಪ್ರಾರಂಭವಾಯಿತು. ನದಿಯ ಕೆಳಭಾಗದಲ್ಲಿದ್ದ ಮದರಾಸು ಸರ್ಕಾರವು ತನ್ನ ಪಾಲಿನ ನೀರಿಗೆ ಧಕ್ಕೆಯಾಗುವುದೆಂದು ಆಕ್ಷೇಪಿಸಿತು. ಭಾರತ ಸರ್ಕಾರದಿಂದ ಅನುಮತಿ ದೊರೆತದ್ದು ಮೊದಲ ಹಂತದ 1,100 ಕೋಟಿ ಘನ ಅಡಿಗೆ ಮಾತ್ರ. ಆದರೆ ಅಡಿಪಾಯವನ್ನು ಹಾಕಿದ್ದು ಪೂರ್ಣ ಎತ್ತರದ ಕಟ್ಟೆಗೆ! ಇದು ಮದರಾಸಿನ ಅಸಮಾಧಾನವನ್ನು ಹೆಚ್ಚಿಸಿತೆಂಬುದೂ ನಿಜ. ಆದರೆ ಯೋಜನೆಯ ದೃಷ್ಟಿಯಿಂದ ನೋಡಿದರೆ ಆ ಅಗಲವಾದ ಅಡಿಪಾಯವೇ ದೀರ್ಘಾವಧಿಯ ಯೋಚನೆಯ ಸಾಕಾರ ರೂಪ. ಗೋಡೆಯನ್ನು ಅನಂತರ ಎತ್ತರಿಸಬಹುದು. ಅಡಿಪಾಯವನ್ನು ಅನಂತರ ಅಗಲಿಸುವುದು ಸುಲಭವಲ್ಲ. ಇಂದು ಯಾವುದನ್ನು ಮಾಡಲೇಬೇಕು, ಯಾವುದನ್ನು ನಾಳೆಗೆ ಬಿಡಬಹುದು ಎಂಬ ವಿವೇಕವನ್ನು ಕೊಡುವುದೇ ಇಂಥ ಯೋಜನೆಯ ಮೊದಲನೆಯ ಪ್ರಯೋಜನ.

1924ರಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ ಒಪ್ಪಂದವಾಯಿತು. 1930ರ ದಶಕದ ಆರಂಭದ ವೇಳೆಗೆ ಅಣೆಕಟ್ಟಿನ ಕೆಲಸ ಮುಗಿದಿತ್ತು. ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯವೇ ಒಂದು ಪ್ರತ್ಯೇಕ ಜಿಲ್ಲೆಯಾಯಿತು. ನದಿ, ವಿದ್ಯುತ್ತು, ಗದ್ದೆ, ಕಾರ್ಖಾನೆ ಇವು ಒಂದೇ ಸರಪಣಿಯ ಕೊಂಡಿಗಳಾದವು. ಇದು ‘ಸಮಗ್ರ’ ಎಂಬ ಮಾತಿನ ಅರ್ಥ. ಕೊಂಡಿಗಳನ್ನು ಹಾಕಲು ಹಿಡಿದದ್ದು ಕಾಲು ಶತಮಾನಕ್ಕೂ ಹೆಚ್ಚು ಕಾಲ. ಆ ಅವಧಿಯಲ್ಲಿ ದಿವಾನರು ಬದಲಾದರು, ಒಂದು ಮಹಾಯುದ್ಧವೂ ಆಗಿಹೋಯಿತು. ಆದರೂ ಕೆಲಸ ಮುಂದುವರಿಯಿತು. ಅಧಿಕಾರದಲ್ಲಿರುವವರು ಬದಲಾದರೂ ಕೆಲಸದ ದಿಕ್ಕು ಬದಲಾಗದಂತೆ ನೋಡಿಕೊಳ್ಳುವುದು ಎರಡನೆಯ ಪ್ರಯೋಜನ.

ಇಡೀ ದೇಶಕ್ಕೆ ಇಂಥ ದೃಷ್ಟಿಯನ್ನು ಅನ್ವಯಿಸಬೇಕೆಂಬ ವಿಚಾರವನ್ನು ವಿಶ್ವೇಶ್ವರಯ್ಯನವರೇ 1934ರಲ್ಲಿ ಪ್ರಕಟಿಸಿದ ತಮ್ಮ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಎಂಬ ಗ್ರಂಥದಲ್ಲಿ ಮಂಡಿಸಿದರು. ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವುದು ಅವರ ಗುರಿಯಾಗಿತ್ತು. 1938ರಲ್ಲಿ ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ನೇಮಕವಾಯಿತು. 1944ರಲ್ಲಿ ಕೆಲವರು ಪ್ರಮುಖ ಉದ್ಯಮಿಗಳು ಹದಿನೈದು ವರ್ಷಗಳ ‘ಬೊಂಬಾಯಿ ಯೋಜನೆ’ಯನ್ನು ಮುಂದಿಟ್ಟರು. ಸ್ವಾತಂತ್ರ್ಯಾನಂತರ, 1950ರ ಮಾರ್ಚ್ 15ರಂದು ಯೋಜನಾ ಆಯೋಗವು ಸ್ಥಾಪಿತವಾಯಿತು. 1951ರಲ್ಲಿ ಮೊದಲನೆಯ ಪಂಚವಾರ್ಷಿಕ ಯೋಜನೆ ಆರಂಭವಾಯಿತು.

ಆ ಮೊದಲನೆಯ ಯೋಜನೆಯ ಅವಧಿ ಐದೇ ವರ್ಷಗಳಾದರೂ ಅದರ ಹಿಂದೆ ಒಂದು ದೀರ್ಘ ದೃಷ್ಟಿಯಿತ್ತು. ತಲಾ ಆದಾಯವು ಸುಮಾರು 27 ವರ್ಷಗಳಲ್ಲಿ, ಎಂದರೆ 1977ರ ವೇಳೆಗೆ, ಇಮ್ಮಡಿಯಾಗಬೇಕೆಂದು ಲೆಕ್ಕ ಹಾಕಲಾಗಿತ್ತು. ಮೊದಲ ಐದು ವರ್ಷಗಳಲ್ಲಿ ಮಳೆ ಬೆಳೆಗಳು ಒದಗಿ ಬಂದವು, ವರ್ಷಕ್ಕೆ ಶೇ. 2.1ರ ಬೆಳವಣಿಗೆಯ ಗುರಿಯಿದ್ದಲ್ಲಿ ಸುಮಾರು ಶೇ. 3.6ರಷ್ಟು ಸಾಧಿಸಲಾಯಿತು. ಇದರಿಂದ ಉತ್ಸಾಹಗೊಂಡು ಎರಡನೆಯ ಯೋಜನೆಯಲ್ಲಿ ಅದೇ ಗುರಿಯನ್ನು 1973–74ಕ್ಕೆ ಹಿಂದಕ್ಕೆಳೆದುಕೊಂಡರು. ಆದರೆ ಆ ವರ್ಷವೂ ಬಂತು, 1977ನೆಯ ವರ್ಷವೂ ಬಂತು. ತಲಾ ಆದಾಯ ಮಾತ್ರ ಇಮ್ಮಡಿಯಾಗಲಿಲ್ಲ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಲೆಕ್ಕ ಹಾಕಿ ನೋಡುವುದು ನಮಗೆ ಒಳ್ಳೆಯ ಪಾಠವಾದೀತು. ಮೊದಲನೆಯ ಯೋಜನೆಯ ಕರ್ತರು ಜನಸಂಖ್ಯೆಯು ವರ್ಷಕ್ಕೆ ಶೇ. 1.25ರಂತೆ ಹೆಚ್ಚುವುದೆಂದು ಭಾವಿಸಿದ್ದರು. ಆದರೆ 1951ರಲ್ಲಿ ಸುಮಾರು 36.1 ಕೋಟಿಯಿದ್ದ ಜನಸಂಖ್ಯೆ 1961ರ ಜನಗಣತಿಯಲ್ಲಿ ಸುಮಾರು 43.9 ಕೋಟಿಯಾಗಿತ್ತು. ಎಂದರೆ ಹೆಚ್ಚಳ ವರ್ಷಕ್ಕೆ ಶೇ. 2ರ ಹತ್ತಿರ. ಮುಕ್ಕಾಲು ಪಾಲು ಶೇಕಡಾ ವ್ಯತ್ಯಾಸ. ಇದೇನು ಮಹಾ ಎನ್ನಿಸಬಹುದು. ಒಂದು ಸುಲಭವಾದ ಸೂತ್ರವಿದೆ: 70ನ್ನು ವಾರ್ಷಿಕ ಬೆಳವಣಿಗೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂದು ಸ್ಥೂಲವಾಗಿ ತಿಳಿಯುತ್ತದೆ. ದೇಶದ ಆದಾಯ ವರ್ಷಕ್ಕೆ ಶೇ. 3.5ರಂತೆ ಹೆಚ್ಚುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಜನಸಂಖ್ಯೆ ಶೇ. 1.25ರಂತೆ ಹೆಚ್ಚಿದರೆ ತಲಾ ಆದಾಯದ ಹೆಚ್ಚಳ ಶೇ. 2.25, ಅದು ಇಮ್ಮಡಿಯಾಗಲು ಸುಮಾರು 31 ವರ್ಷ. ಜನಸಂಖ್ಯೆ ಶೇ. 2ರಂತೆ ಹೆಚ್ಚಿದರೆ ತಲಾ ಹೆಚ್ಚಳ ಶೇ. 1.5, ಆಗ ಸುಮಾರು 47 ವರ್ಷ! ಒಂದು ವರ್ಷದ ಲೆಕ್ಕದಲ್ಲಿ ಕಣ್ಣಿಗೆ ಬೀಳದ ತಪ್ಪು ದೀರ್ಘಾವಧಿಯಲ್ಲಿ ಹದಿನಾರು ವರ್ಷಗಳನ್ನು ನುಂಗಿಬಿಡುತ್ತದೆ.

ಹಾಗಾದರೆ ದೀರ್ಘಾವಧಿಯ ಯೋಜನೆ ವ್ಯರ್ಥವೆ? ಅಲ್ಲ. ತಪ್ಪು ಎಲ್ಲಿ ಆಯಿತೆಂದು ನಾವು ಇಂದು ಬೆರಳಿಟ್ಟು ತೋರಿಸಬಲ್ಲೆವಾದರೆ ಅದಕ್ಕೆ ಕಾರಣ ಅವರು ತಮ್ಮ ಊಹೆಗಳನ್ನು ಅಂಕಿಗಳಲ್ಲಿ ಬರೆದಿಟ್ಟದ್ದು. ಬರೆಯದ ಊಹೆಯನ್ನು ತಿದ್ದಲು ಬರುವುದಿಲ್ಲ. ಯೋಜನೆಯು ಜ್ಯೋತಿಷವಲ್ಲ, ‘ಹೀಗೆ ಆಗುತ್ತದೆ’ ಎಂದು ಅದು ಹೇಳುವುದಿಲ್ಲ. ‘ಇಂತಿಂಥ ಊಹೆಗಳು ಸರಿಯಾದರೆ, ಇಂತಿಷ್ಟು ಕೆಲಸ ಮಾಡಿದರೆ, ಹೀಗೆ ಆಗಬಹುದು’ ಎನ್ನುತ್ತದೆ. ಆ ‘ಆದರೆ’ಗಳನ್ನು ಐದೈದು ವರ್ಷಕ್ಕೊಮ್ಮೆ ತೆಗೆದು ಪರೀಕ್ಷಿಸಬೇಕು. ಹೀಗೆ ನಮ್ಮನ್ನು ನಾವೇ ಅಳೆದುಕೊಳ್ಳಲು ಒಂದು ಅಳತೆಗೋಲನ್ನು ಒದಗಿಸುವುದು ಮೂರನೆಯ ಪ್ರಯೋಜನ.

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಪಿ. ಸಿ. ಮಹಾಲನೋಬಿಸರ ವಿಚಾರಗಳನ್ನು ಆಧರಿಸಿದ ಎರಡನೆಯ ಯೋಜನೆ (1956–61) ಭಾರಿ ಕೈಗಾರಿಕೆಗಳಿಗೆ ಪ್ರಾಧಾನ್ಯವನ್ನಿತ್ತಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕಿನ ಕಾರ್ಖಾನೆಗಳು ಆ ಕಾಲದವು. 1962ರಲ್ಲಿ ಯೋಜನಾ ಆಯೋಗದ ದೀರ್ಘಾವಧಿ ಯೋಜನಾ ವಿಭಾಗವು, ಪೀತಾಂಬರ ಪಂತರ ನೇತೃತ್ವದಲ್ಲಿ, ಹದಿನೈದು ವರ್ಷಗಳಲ್ಲಿ ದೇಶದ ಪ್ರತಿಯೊಬ್ಬನಿಗೂ ಕನಿಷ್ಠ ಜೀವನಮಟ್ಟವನ್ನು ಒದಗಿಸುವುದು ಹೇಗೆಂಬುದನ್ನು ಪರಿಶೀಲಿಸಿತು. ಅಂದಿನ ಬೆಲೆಗಳಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿಗಳ ವೆಚ್ಚವನ್ನು ಕನಿಷ್ಠವೆಂದು ಇಟ್ಟುಕೊಳ್ಳಲಾಗಿತ್ತು. ಕೇವಲ ಸರಾಸರಿ ಆದಾಯದಿಂದ ತೃಪ್ತರಾಗದೆ, ತೀರ ಬಡವನ ತಟ್ಟೆಯಲ್ಲಿ ಏನಿರುತ್ತದೆ ಎಂದು ಕೇಳಿದ್ದು ಅದರ ಹಿರಿಮೆ. ಆದರೆ 1962 ಮತ್ತು 1965ರ ಯುದ್ಧಗಳು, 1965–66ರ ಕ್ಷಾಮ ಇವು ಮೂರನೆಯ ಯೋಜನೆಯನ್ನು ತಲೆಕೆಳಗು ಮಾಡಿದವು. ಶೇ. 5.6ರ ಗುರಿಯ ಅರ್ಧದಷ್ಟು ಮಾತ್ರ ಕೈಗೂಡಿತು. 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಯನ್ನೇ ನಿಲ್ಲಿಸಿ, ವರ್ಷದಿಂದ ವರ್ಷಕ್ಕೆ ಯೋಜನೆ ಮಾಡಿಕೊಳ್ಳಬೇಕಾಯಿತು. ಅನಂತರ ಪುನಃ ಆರಂಭವಾದ ಈ ಪರಂಪರೆ ಹನ್ನೆರಡನೆಯ ಯೋಜನೆಯೊಡನೆ 2017ರಲ್ಲಿ ಕೊನೆಗೊಂಡಿತು. ಅಷ್ಟರಲ್ಲಿ 2015ರ ಜನವರಿ 1ರಂದು ಯೋಜನಾ ಆಯೋಗದ ಸ್ಥಾನದಲ್ಲಿ ನೀತಿ ಆಯೋಗವು ಬಂದಿತ್ತು. ಹದಿನೈದು ವರ್ಷಗಳ ದೃಷ್ಟಿ, ಏಳು ವರ್ಷಗಳ ಕಾರ್ಯತಂತ್ರ, ಮೂರು ವರ್ಷಗಳ ಕ್ರಿಯಾಯೋಜನೆ ಎಂಬ ಮೂರು ಅವಧಿಗಳ ಕಲ್ಪನೆಯನ್ನು ಅದಕ್ಕೆ ವಹಿಸಲಾಯಿತು. ಸಂಸ್ಥೆ ಬದಲಾದರೂ ದೂರ ನೋಡಬೇಕಾದ ಅಗತ್ಯ ಬದಲಾಗಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಈ ವಿಷಯದ ಅತ್ಯಂತ ಕಠಿಣವಾದ ಪ್ರಶ್ನೆಗೆ ಬರೋಣ. ದೀರ್ಘಾವಧಿಯ ಯೋಜನೆಯಲ್ಲಿ ಬಿತ್ತುವವನೊಬ್ಬ, ಉಣ್ಣುವವನೊಬ್ಬ. ಅಡಿಕೆಯ ತೋಟದಲ್ಲಿ ಇದು ಅನ್ಯಾಯವಲ್ಲ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಉಣ್ಣುತ್ತಾನೆ, ಅಜ್ಜನಿಗೆ ಅದೇ ಸಂತೋಷ. ಆದರೆ ದೇಶದ ಯೋಜನೆಯಲ್ಲಿ ತ್ಯಾಗ ಮಾಡುವ ಮನೆ ಒಂದು, ಫಲ ಪಡೆಯುವ ಮನೆ ಇನ್ನೊಂದು ಆಗಿಬಿಡಬಹುದು. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ಕಣಿವೆಯ ಗದ್ದೆ ತೋಟಗಳು ನೀರಿನ ಪಾಲಾದವು. ಶರಾವತಿಯ ವಿದ್ಯುತ್ತಿನಿಂದ ನಾಡಿನ ನಗರಗಳು ಬೆಳಗಿದವು, ಕಾರ್ಖಾನೆಗಳು ತಿರುಗಿದವು. ಆದರೆ ಊರು ಬಿಟ್ಟು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಹೋಗಿ ನೆಲೆಸಿದ ಅನೇಕ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿಯದೆ ಉಳಿಯಿತು. ಅಣೆಕಟ್ಟಿನ ಕಲ್ಲು, ಗಾರೆ, ಯಂತ್ರಗಳಿಗೆ ವರ್ಷವಾರು ಲೆಕ್ಕವಿತ್ತು. ಮುಳುಗಿದವರ ಮುಂದಿನ ಇಪ್ಪತ್ತು ವರ್ಷಗಳಿಗೆ ಅಂಥ ಲೆಕ್ಕವಿರಲಿಲ್ಲ. ಮನುಷ್ಯರನ್ನು ಹೊರಗಿಟ್ಟ ಯೋಜನೆ ಎಷ್ಟೇ ದೀರ್ಘವಾಗಿದ್ದರೂ ಅದನ್ನು ‘ಸಮಗ್ರ’ ಎನ್ನಲಾಗದು.

ಕಾವೇರಿಯ ವಿಷಯದಲ್ಲಿಯೂ ಇದೇ ಪಾಠವುಂಟು. ಒಂದು ನದಿ ಎರಡು ನಾಡುಗಳಲ್ಲಿ ಹರಿಯುವಾಗ ಒಂದು ನಾಡಿನ ಯೋಜನೆ ಆ ನಾಡಿಗೆ ಸಮಗ್ರವಾಗಿ ಕಂಡರೂ ನದಿಗೆ ಸಮಗ್ರವಲ್ಲ. 1924ರ ಒಪ್ಪಂದದಲ್ಲಿ ಐವತ್ತು ವರ್ಷಗಳ ಅನಂತರ ಕೆಲವು ಅಂಶಗಳನ್ನು ಪುನಃ ಪರಿಶೀಲಿಸಬಹುದೆಂಬ ಮಾತಿತ್ತು, ಅದು ದೂರದೃಷ್ಟಿಯೇ. ಆದರೆ 1974ನೆಯ ವರ್ಷ ಬಂದಾಗ ಒಮ್ಮತ ಏರ್ಪಡಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚಿತವಾಗಿ, 2007ರಲ್ಲಿ ಅದರ ತೀರ್ಪು ಬಂದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೂ ವಿಷಯ ಹೋಯಿತು. ಪುನಃ ಪರಿಶೀಲನೆಯ ದಿನವನ್ನು ಗೊತ್ತುಮಾಡಿದರೆ ಸಾಲದು. ಆ ದಿನಕ್ಕೆ ಬೇಕಾದ ಪರಸ್ಪರ ವಿಶ್ವಾಸವನ್ನೂ ಮೊದಲಿನಿಂದಲೇ ಬೆಳೆಸಿಕೊಂಡು ಬರಬೇಕು.

ಹಾಗಾದರೆ ಒಳ್ಳೆಯ ಯೋಜನೆಯನ್ನು ಗುರುತಿಸುವುದು ಹೇಗೆ? ಯಾವ ಯೋಜನೆ ನಮ್ಮ ಮುಂದೆ ಬಂದರೂ ಐದು ಪ್ರಶ್ನೆಗಳನ್ನು ಕೇಳಬಹುದೆಂದು ನನಗೆ ತೋರುತ್ತದೆ. ಅದರ ಗುರಿ ಅಳೆಯಬಹುದಾದಂಥದೆ? ಅದರ ಹಿಂದಿನ ಊಹೆಗಳನ್ನು ಬಿಚ್ಚಿ ಹೇಳಿದ್ದಾರೆಯೆ? ಒಂದು ಅಂಗ ಇನ್ನೊಂದು ಅಂಗಕ್ಕೆ ಹೊಂದಿಕೊಂಡಿದೆಯೆ? ಅದನ್ನು ತಿದ್ದುವುದು ಯಾವಾಗ, ಯಾರು? ಕೊನೆಯದಾಗಿ, ಅದರ ಭಾರವನ್ನು ಹೊರುವವರು ಯಾರು, ಅವರಿಗೆ ಏನು ದೊರೆಯುತ್ತದೆ?

ಈ ಪ್ರಶ್ನೆಗಳು ದಿಲ್ಲಿಯವರಿಗೂ ಬೆಂಗಳೂರಿನವರಿಗೂ ಮಾತ್ರ ಮೀಸಲಾದವಲ್ಲ. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗಿ, ಗುಮಾಸ್ತರಾಗಿ, ಪಂಚಾಯತಿಯ ಸದಸ್ಯರಾಗಿ ಕೆಲಸ ಮಾಡುವವರು. ಗ್ರಾಮದ ಕೆರೆಯ ಹೂಳೆತ್ತುವ ಕಾಗದವೊಂದು ನಮ್ಮ ಮೇಜಿನ ಮೇಲೆ ಬಂದಾಗ, ಆ ಹೂಳು ಯಾವ ಗುಡ್ಡದಿಂದ ಬಂತು, ಅಲ್ಲಿ ಮರ ನೆಡದಿದ್ದರೆ ಇನ್ನು ಎಷ್ಟು ವರ್ಷಗಳಲ್ಲಿ ಕೆರೆ ಪುನಃ ತುಂಬೀತು ಎಂದು ಕೇಳುವ ಒಬ್ಬನಾದರೂ ಆ ಕಛೇರಿಯಲ್ಲಿರಬೇಕು. ಆ ಒಂದು ಪ್ರಶ್ನೆಯಿಂದಲೇ ಸಮಗ್ರತೆಯೂ ದೀರ್ಘದೃಷ್ಟಿಯೂ ಆರಂಭವಾಗುತ್ತವೆ.

ಅಡಿಕೆಯ ತೋಟದ ಯಜಮಾನನು ಮುದಿ ಮರಗಳ ನಡುವೆ ಎಳೆ ಸಸಿಯನ್ನು ನೆಡುವಾಗ ಅದರ ಫಲವನ್ನು ತಾನು ಕಾಣುವೆನೋ ಇಲ್ಲವೋ ಎಂದು ಎಣಿಸುತ್ತ ಕೂರುವುದಿಲ್ಲ. ಗುಂಡಿ ಸರಿಯಾಗಿದೆಯೆ, ನೀರು ನಿಲ್ಲದೆ ಬಸಿಯುತ್ತದೆಯೆ ಎಂದಷ್ಟೇ ನೋಡುತ್ತಾನೆ. ನಮ್ಮ ಪಾಲಿನ ಗುಂಡಿಯನ್ನು ನಾವು ಅಷ್ಟೇ ಎಚ್ಚರದಿಂದ ತೋಡಬೇಕು.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ